ತರಂಗಾಂತರದ ಮೇಲಿನ ಕೇವಿಯಟ್ ತೆಗೆಸಿದ್ದು: ನನ್ನ ಅನುಭವ

ಧಾರವಾಡದಲ್ಲಿ ವಕೀಲಿ ವೃತ್ತಿ ಆರಂಭಿಸಿದ ನನಗೆ ಕೇವಿಯಟ್ ಎಂದರೆ, ‘ನನ್ನ ಮಾತು ಕೇಳದೆ ಆದೇಶ ಮಾಡಬೇಡಿ’ ಎಂದು ನ್ಯಾಯಾಲಯಕ್ಕೆ ಸಲ್ಲಿಸುವ, ಸಿವಿಲ್ ಪ್ರಕ್ರಿಯಾ ಸಂಹಿತೆಯ 148ಎ ಕಲಮಿನ ಪ್ರಕಾರ 90 ದಿನ ಜಾರಿಯಲ್ಲಿರುವ ಅರ್ಜಿಯಷ್ಟೇ ಆಗಿತ್ತು. ನ್ಯೂಜಿಲೆಂಡಿನಲ್ಲಿ ಅದೇ ಹೆಸರಿನ ಬೇರೆಯೇ ಸಂಗತಿ ಎದುರಾಯಿತು. ಇಲ್ಲಿನ 1989ರ ರೇಡಿಯೊ ಸಂಪರ್ಕ ಕಾಯ್ದೆಯು ತರಂಗಾಂತರವನ್ನು ಜಮೀನಿನಂತೆ ನೋಂದಣಿಗೆ ಒಳಪಡಿಸಿ, ಮಾರಬಹುದಾದ ಹಕ್ಕನ್ನಾಗಿ ಮಾಡಿದೆ. ಅದರಲ್ಲಿ ತನಗೂ ಹಕ್ಕಿದೆ ಎನ್ನುವವರು ಕೇವಿಯಟ್ ದಾಖಲಿಸಿದರೆ, ಅದು ಇರುವವರೆಗೆ ರಿಜಿಸ್ಟ್ರಾರ್ ಹೊಸ ವರ್ಗಾವಣೆಯನ್ನು ನಮೂದಿಸುವಂತಿಲ್ಲ. ಪಹಣಿಯ 11ನೇ ಕಾಲಮಿನಲ್ಲಿ ಋಣ ಕಂಡೊಡನೆ ಜಮೀನು ಕೊಳ್ಳುವವರು ಹಿಂಜರಿಯುವುದನ್ನು ನೋಡಿದವರಿಗೆ ಇದರ ಬಿಸಿ ಅರ್ಥವಾದೀತು.

ನನ್ನ ಕಕ್ಷಿದಾರರು ಒಂದು ಸಣ್ಣ ಎಫ್‌ಎಂ ಕೇಂದ್ರದವರು. ತಮ್ಮ ತರಂಗಾಂತರ ಬಳಸುವ ಪರವಾನಗಿಯನ್ನು ಮಾರಲು ಕರಾರಾಗಿದ್ದಾಗ, ಹಿಂದೆ ಟ್ರಾನ್ಸ್‌ಮಿಟರ್‌ಗೆ ಸಾಲ ಕೊಟ್ಟಿದ್ದವರೊಬ್ಬರು ಕೇವಿಯಟ್ ಹಾಕಿದರು. ಅದನ್ನು ತೆಗೆಯುವಂತೆ ಹೈಕೋರ್ಟಿಗೆ ಅರ್ಜಿ ಸಲ್ಲಿಸಬೇಕಾಯಿತು.

ಅರ್ಜಿಯೊಂದಿಗಿನ ಪ್ರಮಾಣಪತ್ರದ (ಅಫಿಡವಿಟ್) ಮೊದಲ ಕರಡಿನಲ್ಲಿ ನಾನು ಸಾಲದ ಕಂತುಗಳ ಇಡೀ ಚರಿತ್ರೆಯನ್ನೇ ಬರೆದಿದ್ದೆ. ಹಿರಿಯ ಸಹೋದ್ಯೋಗಿ ಅದರ ಮುಕ್ಕಾಲು ಪಾಲನ್ನು ಹೊಡೆದುಹಾಕಿದರು. ಅವರು ಮಾಡಿದ್ದೇ ಸರಿ. ಇಂಥ ಅರ್ಜಿಯಲ್ಲಿ ಸಾಕ್ಷಿ ವಿಚಾರಣೆ ನಡೆಸಿ ವಿವಾದಿತ ಸಂಗತಿಗಳನ್ನು ನ್ಯಾಯಾಲಯ ತೀರ್ಮಾನಿಸುವುದಿಲ್ಲ. ಕೇವಿಯಟ್ ಹಾಕಿದವರು ತಮ್ಮ ಹಕ್ಕಿನ ಪರವಾಗಿ ವಾದಿಸಬಹುದಾದಷ್ಟು ಆಧಾರವನ್ನು ತೋರಿಸಿದ್ದಾರೆಯೇ ಎಂಬುದನ್ನಷ್ಟೇ ನೋಡುತ್ತದೆ, ಮತ್ತು ಆ ಹೊಣೆ ಅವರದೇ. ಆದ್ದರಿಂದ ಸಾಲ ತೀರಿದೆಯೇ ಎಂಬುದಕ್ಕಿಂತ, ಆ ಸಾಲ ಪರವಾನಗಿಗೆ ಅಂಟಿಕೊಂಡಿದೆಯೇ ಎಂಬುದೇ ಮುಖ್ಯವಾಗಿತ್ತು. ಬರೀ ಬಾಕಿ ಹಣ ಕೇವಿಯಟ್‌ಗೆ ಆಧಾರವಾಗದು.

ಸಾಲದ ಕರಾರಿನಲ್ಲಿ ಅಡಮಾನದ ಮಾತೇ ಇರಲಿಲ್ಲ. ಆದರೆ ನಮ್ಮವರೇ ಕಳುಹಿಸಿದ್ದ ಒಂದು ಇಮೇಲಿನಲ್ಲಿ ‘ನಿಮ್ಮ ಹಣಕ್ಕೆ ಪರವಾನಗಿಯೇ ಭದ್ರತೆ’ ಎಂಬ ಸಾಲೊಂದಿತ್ತು! ಸಮಾಧಾನಕ್ಕೆ ಹೇಳಿದ ಮಾತೆಂದು ಕಕ್ಷಿದಾರರು ಹೇಳಿದರೂ, ಎದುರಿನವರು ಹಿಡಿದುಕೊಳ್ಳಲು ಅಷ್ಟು ಸಾಕಿತ್ತು. ಅದನ್ನು ಮುಚ್ಚಿಡದೆ ನಾವೇ ಪ್ರಮಾಣಪತ್ರಕ್ಕೆ ಲಗತ್ತಿಸಿ, ವಾದದ ದಿಕ್ಕನ್ನು ಬದಲಿಸಿದೆವು.

ಜಮೀನಿನ ಕೇವಿಯಟ್‌ಗೆ ಸಂಬಂಧಿಸಿದ 1996ರ ಪೆಸಿಫಿಕ್ ಹೋಮ್ಸ್ ತೀರ್ಪಿನಲ್ಲಿ ಇಲ್ಲಿನ ಮೇಲ್ಮನವಿ ನ್ಯಾಯಾಲಯವು, ವಾದಿಸಬಹುದಾದ ಹಕ್ಕು ಇದ್ದರೂ ಕೇವಿಯಟ್ ತೆಗೆಯುವ ಸೀಮಿತ ವಿವೇಚನಾಧಿಕಾರ ನ್ಯಾಯಾಧೀಶರಿಗೆ ಉಳಿದಿರುತ್ತದೆ ಎಂದಿದೆ. ಅದನ್ನೇ ಆಧರಿಸಿ, ಸಾಲ ಕೊಟ್ಟವರು ಕೇಳಿದ ಬಾಕಿಯಷ್ಟು ಮೊತ್ತವನ್ನು ಮಾರಾಟದ ಹಣದಿಂದ, ಇತರರ ಹಣವನ್ನು ವಕೀಲರು ಕಾಯ್ದಿರಿಸುವ ಟ್ರಸ್ಟ್ ಖಾತೆಯಲ್ಲಿ ಇರಿಸುವುದಾಗಿ ಲಿಖಿತ ಮುಚ್ಚಳಿಕೆ ಕೊಟ್ಟೆವು. ಅವರಿಗೆ ಬೇಕಾಗಿದ್ದುದು ಹಣವೇ ಆದ್ದರಿಂದ, ಕೇವಿಯಟ್ ಉಳಿದರೂ ಅವರಿಗೆ ಅದಕ್ಕಿಂತ ಹೆಚ್ಚಿನ ರಕ್ಷಣೆ ಸಿಗುತ್ತಿರಲಿಲ್ಲ.

ನ್ಯಾಯಾಧೀಶರು ಆ ಷರತ್ತಿನ ಮೇಲೆ ಅರ್ಜಿಯನ್ನು ಪುರಸ್ಕರಿಸಿದರು. ಮೊಹರು ಬಿದ್ದ ಆದೇಶವನ್ನು ರಿಜಿಸ್ಟ್ರಾರ್‌ಗೆ ಸಲ್ಲಿಸಿದ ಬಳಿಕ ವರ್ಗಾವಣೆ ನೋಂದಣಿಯಾಯಿತು. ಸಾಲದ ದಾವೆ ಮಾತ್ರ, ಟ್ರಸ್ಟ್ ಖಾತೆಯಲ್ಲಿದ್ದ ಆ ಹಣಕ್ಕಾಗಿ, ಬೇರೆಯಾಗಿಯೇ ಮುಂದುವರಿಯಿತು.