ಮರೆಗುಳಿ ಕಾಯಿಲೆಯ ಹಿರಿಯರಿಗೆ ಗಿಡ, ಕರು, ನಾಯಿ: ನನ್ನ ಅನುಭವ

ಡಿಮೆನ್ಷಿಯಾ ಇರುವ ಹಿರಿಯರ ಹಗಲು ಆರೈಕೆ ಕೇಂದ್ರದಲ್ಲಿ ಗಿಡ ಮತ್ತು ಪ್ರಾಣಿಗಳ ಕೆಲಸ ನನ್ನದು. ಮನೆಯವರನ್ನು ನಾನು ಮೊದಲು ಕೇಳುವುದು, ಇವರ ಕೈಗೆ ಯಾವ ಕೆಲಸ ರೂಢಿ ಇತ್ತು ಎಂದು. ಹೂ ಕಟ್ಟುತ್ತಿದ್ದರೇ? ಹಸು ಸಾಕಿದ್ದರೇ? ನಾಯಿ ಕಂಡರೆ ದೂರ ಸರಿಯುತ್ತಿದ್ದರೇ? ಡಿಮೆನ್ಷಿಯಾದಲ್ಲಿ ಹೆಚ್ಚಾಗಿ ಕಾಣುವ ಆಲ್ಜೈಮರ್‌ ಕಾಯಿಲೆಯಲ್ಲಿ, ಹೊಸ ನೆನಪು ಕೂಡಿಡುವ ಮೆದುಳಿನ ಭಾಗವಾದ ಹಿಪ್ಪೋಕ್ಯಾಂಪಸ್ ಬೇಗ ಸೊರಗುವುದರಿಂದ ಬೆಳಗಿನ ತಿಂಡಿಯೂ ನೆನಪಿರುವುದಿಲ್ಲ. ಕೈಗೆ ಪಳಗಿದ ಕೆಲಸ ಮೆದುಳಿನ ಬೇರೆ ಭಾಗಗಳ ಆಸರೆಯಲ್ಲಿ ಇನ್ನೂ ಬಹುಕಾಲ ಉಳಿದಿರುತ್ತದೆ.

ಬೆಳಗ್ಗೆ 10ರಿಂದ 11 ಒಳ್ಳೆಯ ಹೊತ್ತು. ಸಂಜೆಯಾದರೆ ಹಲವರಿಗೆ ಚಡಪಡಿಕೆ, ‘ಮನೆಗೆ ಹೋಗ್ಬೇಕು’ ಅನ್ನುವ ಹಟ ಹೆಚ್ಚುತ್ತದೆ.

ಗಿಡಕ್ಕೆ ಮೇಜಿನಂಥ ತೊಟ್ಟಿ ಬೇಕು: ಗಾಲಿಕುರ್ಚಿಯವರ ಮೊಣಕಾಲು ತೂರುವಂತೆ ಕೆಳಗೆ 27 ಇಂಚು ತೆರಪು, ಮಣ್ಣಿಗೆ 6 ಇಂಚು ಆಳ, ಅಗಲ 2 ಅಡಿ. ಅದಕ್ಕಿಂತ ಅಗಲವಾದರೆ ಕೈ ಎಟುಕದೆ ಮುಂದಕ್ಕೆ ಬಾಗುತ್ತಾರೆ, ಬೀಳುತ್ತಾರೆ. ತೊಟ್ಟಿಗೆ ತುಂಬಲು ತೆಂಗಿನ ನಾರಿನ ಪುಡಿ ಎರಡು ಪಾಲು, ಎರೆಗೊಬ್ಬರ ಒಂದು, ಕೆಂಪು ಮಣ್ಣು ಒಂದು. ಸೊಪ್ಪುಗಳಲ್ಲಿ ಮೆಂತ್ಯವೇ ಸರಿ. ರಾತ್ರಿ ನೆನೆಸಿ ಬಿತ್ತಿದರೆ ಮೂರು ನಾಲ್ಕು ದಿನಕ್ಕೆ ಮೊಳಕೆ. ಕಾಳು ಅಡುಗೆಮನೆಯ ಡಬ್ಬಿಯದೇ ಇರಲಿ. ಬಿತ್ತನೆ ಬೀಜದ ಅಂಗಡಿಯಲ್ಲಿ ಸಿಗುವ ಗುಲಾಬಿ ಬಣ್ಣದ ಬೀಜಕ್ಕೆ ಶಿಲೀಂಧ್ರನಾಶಕ ಸವರಿರುತ್ತಾರೆ, ಇಲ್ಲಿ ಕೈಗೆ ಸಿಕ್ಕಿದ್ದು ಬಾಯಿಗೂ ಹೋಗುತ್ತದೆ. ಇದೇ ಕಾರಣಕ್ಕೆ ಆವರಣದಲ್ಲಿ ಕಣಗಿಲೆ, ದತ್ತೂರಿ, ಔಡಲ, ಗುಲಗಂಜಿ, ಕುಂಡದ ಡೈಫೆನ್‌ಬೇಕಿಯಾ ಯಾವುದೂ ಇರಕೂಡದು.

ಬಿತ್ತಿದ್ದು ಅವರಿಗೆ ನೆನಪಿರುವುದಿಲ್ಲ. ‘ಇದು ನೀವೇ ಹಾಕಿದ್ದು, ಗೊತ್ತಾ?’ ಎಂದು ಕೇಳಿದರೆ ಪರೀಕ್ಷೆಗೆ ಕೂರಿಸಿದಂತಾಗಿ ಮುಖ ಬಾಡುತ್ತದೆ. ವಾರಕ್ಕೊಂದು ತೊಟ್ಟಿ ಬಿತ್ತುತ್ತಾ ಹೋದರೆ ಕೀಳಲು ಯಾವಾಗಲೂ ಏನಾದರೂ ಇರುತ್ತದೆ, ಕೆಲಸ ಆ ಹೊತ್ತಿನಲ್ಲೇ ಮುಗಿಯುತ್ತದೆ.

ಸುವಾಸನೆಯ ತೋಟ ಮಾಡಿ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಆಲ್ಜೈಮರ್‌ನಲ್ಲಿ ವಾಸನೆ ಹಿಡಿಯುವ ಶಕ್ತಿಯೇ ಮೊದಮೊದಲು ಕುಂದುತ್ತದೆ. ಅಂಗೈಯಲ್ಲಿ ಹೊಸಕಿದರೆ ಘಮ್ಮೆನ್ನುವ ದವನ, ಮರುಗ, ದೊಡ್ಡಪತ್ರೆ ಇದ್ದರೆ ಸಾಕು. ಹೂ ಕಟ್ಟಲು ಕೂರಿಸುವಾಗ ಮೊದಲ ಗಂಟು ನಾವೇ ಹಾಕಿ ದಾರ ಬೆರಳಿಗೆ ಸಿಕ್ಕಿಸಿ ಕೊಡಬೇಕು. ಆರಂಭವಾದರೆ ಬೆರಳು ತಾನಾಗಿ ಸಾಗುತ್ತದೆ. ಗಂಟು ಬರದವರಿಗೆ ಅವರೆಕಾಯಿ ಬಿಡಿಸುವ ಕೆಲಸ.

ಪ್ರಾಣಿ ಎಂದರೆ ನಾಯಿಯೇ ಆಗಬೇಕಿಲ್ಲ. ನಮ್ಮ ಹಿರಿಯರಲ್ಲಿ ಮಡಿ ಅನ್ನುವವರೂ, ಬೀದಿನಾಯಿಯ ಭಯದವರೂ ಉಂಟು. ಅವರಿಗೆ ಕರು ಒಗ್ಗುತ್ತದೆ. ಮಲೆನಾಡು ಗಿಡ್ಡ ತಳಿಯದಾದರೆ ಎತ್ತರವೂ ಕಡಿಮೆ. ‘ಅಮ್ಮಾ, ಕರು ಬಂದಿದೆ, ಹುಲ್ಲು ಕೊಡ್ತೀರಾ?’ ಎಂದು ಎದುರಿನಿಂದ ಬಂದು ಹೇಳಬೇಕು, ಪಕ್ಕದಿಂದ ಬಂದರೆ ಬೆಚ್ಚುತ್ತಾರೆ. ಒಂದೂವರೆ ಅಡಿ ಉದ್ದದ ಹುಲ್ಲಿನ ಕಟ್ಟು ಕೊಡಿ. ಅಂಗೈಯಲ್ಲಿಟ್ಟು ತಿನ್ನಿಸಲು ಹೋದರೆ ಕರುವಿನ ಒರಟು ನಾಲಿಗೆಗೆ ಮುಪ್ಪಿನ ತೆಳು ಚರ್ಮ ತರಚುತ್ತದೆ.

ನಾಯಿಯಾದರೆ ಎರಡು ವರ್ಷ ದಾಟಿದ ಸಾಧು ನಾಯಿ, ರೇಬೀಸ್ ಲಸಿಕೆ, ಜಂತಿನ ಔಷಧಿ, ಕತ್ತರಿಸಿ ಉಜ್ಜಿದ ಉಗುರು. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರಿಗೆ ಸಣ್ಣ ಗೀರೂ ದೊಡ್ಡದಾಗುವುದರಿಂದ ತೊಡೆಗೆ ದಪ್ಪ ಟವಲ್ ಹಾಸುತ್ತೇವೆ. ಒಬ್ಬರಿಗೆ 10ರಿಂದ 15 ನಿಮಿಷ, ನಾಯಿಗೆ ಒಟ್ಟು 45 ನಿಮಿಷ. ಅದು ಪದೇ ಪದೇ ಆಕಳಿಸಿದರೆ, ತುಟಿ ನೆಕ್ಕಿಕೊಂಡರೆ, ಮುಖ ತಿರುಗಿಸಿದರೆ ಅದಕ್ಕೂ ಮೊದಲೇ ಮುಗಿಸಿ. ಕೆಲವರು ಬಿಗಿಯಾಗಿ ಹಿಡಿದ ಕೂದಲು ಬಿಡುವುದೇ ಇಲ್ಲ. ಎಳೆಯಬೇಡಿ, ಆ ಕೈಗೆ ಮೆತ್ತನೆ ಬ್ರಷ್ ಕೊಟ್ಟರೆ ಹಿಡಿತ ಅದಕ್ಕೆ ಹೋಗುತ್ತದೆ.

ಮನೆಯವರು ದೊಡ್ಡ ಆಸೆ ಇಟ್ಟುಕೊಂಡು ಬರುತ್ತಾರೆ. ವೈದ್ಯಕೀಯ ಪುರಾವೆಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆಯ 2019ರ ವಿಮರ್ಶೆ ಒಂಬತ್ತು ಪ್ರಯೋಗಗಳನ್ನು ಜೋಡಿಸಿ ನೋಡಿ, ಪ್ರಾಣಿಗಳ ಒಡನಾಟದಿಂದ ಖಿನ್ನತೆ ತುಸು ಇಳಿಯಬಹುದು, ಆ ಪುರಾವೆಯೂ ದುರ್ಬಲ ಎಂದಿತು. ಇದನ್ನು ಮೊದಲೇ ಹೇಳಿ, ಮಾತ್ರೆ ನಿಲ್ಲಿಸಬೇಡಿ ಎಂದೂ ಹೇಳುತ್ತೇನೆ.

ಮುಗಿದ ಮೇಲೆ ಕಾಫಿಗೆ ಮುಂಚೆಯೇ ಸೋಪು, ಉಗುರುಬೆಚ್ಚನೆ ನೀರಿನಲ್ಲಿ ಕೈ ತೊಳೆಸಬೇಕು. ತಣ್ಣೀರಾದರೆ ಕೈ ಹಿಂದಕ್ಕೆಳೆದುಕೊಳ್ಳುತ್ತಾರೆ.