ಮಹಿಳಾ ದಿನಕ್ಕೆ ರಂಗೋಲಿ ಸ್ಪರ್ಧೆ ಬೇಡ, ಚೀಟಿ ಡಬ್ಬ ಇಡಿ

ಮಾರ್ಚ್ 8 ಬಂತು ಅಂದ್ರೆ ನಮ್ಮ ಕಾಲೇಜುಗಳಲ್ಲಿ ಆಗೋದು ಇಷ್ಟೇ: ಪಿಂಕ್ ಬಲೂನು, ಸೀರೆ ಉಟ್ಕೊಂಡು ಬನ್ನಿ ಅಂತ ವಾಟ್ಸಾಪ್ ಮೆಸೇಜು, ರಂಗೋಲಿ ಸ್ಪರ್ಧೆ, ಮುಖ್ಯ ಅತಿಥಿಗೆ ಶಾಲು-ಹಾರ, ಆಮೇಲೆ 'ಕ್ಷಮಯಾ ಧರಿತ್ರೀ' ಅಂತ ಮುಕ್ಕಾಲು ಗಂಟೆ ಭಾಷಣ. 1917ರಲ್ಲಿ ರಷ್ಯಾದ ಪೆಟ್ರೋಗ್ರಾಡ್‌ನಲ್ಲಿ ಬಟ್ಟೆ ಮಿಲ್ಲಿನ ಹೆಂಗಸರು ಕೆಲಸ ನಿಲ್ಸಿ ಬೀದಿಗಿಳಿದ ದಿನ ಇದು ಅನ್ನೋದು ಕೊನೇ ಬೆಂಚಲ್ಲಿ ರೀಲ್ಸ್ ನೋಡ್ತಿರೋ ಹುಡುಗ್ರಿಗಿರಲಿ, ಸ್ಟೇಜ್ ಮೇಲಿರೋರಿಗೂ ನೆನಪಿರಲ್ಲ. ಸ್ತ್ರೀವಾದದ ಬಗ್ಗೆ ಡಿಗ್ರಿ ಮಕ್ಕಳು ತಾವಾಗೇ ಬಾಯಿ ಬಿಡೋ ಹಾಗೆ ಪ್ರೋಗ್ರಾಂ ಮಾಡ್ಬೇಕಂದ್ರೆ ಹೀಗೆ ಮಾಡಿ.

ಮೊದಲು ಟೈಮು. ಬೆಳಗ್ಗೆ ಹನ್ನೊಂದಕ್ಕೆ ಇಡಿ. ಸಂಜೆ ಇಟ್ರೆ ಹಳ್ಳಿ ಬಸ್ ಹಿಡಿಯೋ ಹುಡುಗೀರೇ ಅರ್ಧಕ್ಕೆ ಎದ್ದು ಹೋಗ್ತಾರೆ. ಒಂದು ಕ್ಲಾಸ್‌ರೂಮು, ನಲವತ್ತು ಜನ, ಸುತ್ತ ಕುರ್ಚಿ, ಸಾಕು. ಹುಡುಗರನ್ನೂ ಕರೀರಿ, ಆದ್ರೆ ಅಟೆಂಡೆನ್ಸ್ ಆಸೆ ತೋರಿಸ್ಬೇಡಿ. ಬಾಡಿಗೆಗೆ ಸಿಗೋ ಚಕ್ರದ ಸ್ಪೀಕರು ಮಾತ್ರ ತರಲೇಬೇಡಿ, ಅದು ಕಿರ್ ಅನ್ನೋ ಸದ್ದಿಗೇ ಮಾತಾಡೋಕೆ ಎದ್ದೋರು ಕೂತ್ಬಿಡ್ತಾರೆ.

ಎರಡನೇದು, ಎಲ್ರಿಗೂ ಒಂದೊಂದು ಹಾಳೆ ಕೊಟ್ಟು, ಬೆಳಗ್ಗೆ ಐದರಿಂದ ರಾತ್ರಿ ಹನ್ನೊಂದರ ತನಕ ನಿನ್ನೆ ಅಮ್ಮ ಏನೇನು ಮಾಡಿದ್ರು, ಅಪ್ಪ ಏನು ಮಾಡಿದ್ರು, ನೀವೇನು ಮಾಡಿದ್ರಿ ಅಂತ ಬರೆಸಿ. ಅಮ್ಮ ಕೂತಿದ್ದು ಯಾವಾಗ ಅಂತ ಕೇಳಿದ್ರೆ ಪೆನ್ನು ನಿಂತೋಗುತ್ತೆ. ಆಗ ಬೋರ್ಡ್ ಮೇಲೆ ಎರಡು ನಂಬರ್ ಬರೀರಿ: 289, 88. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆ ಪ್ರಕಾರ, ಸಂಬಳ ಇಲ್ಲದ ಮನೆಗೆಲಸ ಮಾಡೋರಲ್ಲಿ ಹೆಂಗಸರು ದಿನಕ್ಕೆ 289 ನಿಮಿಷ ಮಾಡ್ತಾರೆ, ಗಂಡಸರು 88. ಪಿಪಿಟಿ ಬೇಡ.

ಎಲ್ರೂ ಎಡವೋದು ಚೀಟಿ ಹತ್ರ. ಮನಸ್ಸಲ್ಲಿರೋ ಪ್ರಶ್ನೇನ ಹೆಸರಿಲ್ದೆ ಬರೆದು ಡಬ್ಬಕ್ಕೆ ಹಾಕಿ ಅಂತೀರ, ಸರಿ, ಆದ್ರೆ ಬರೆಯೋದು ಮೂರೇ ಜನ ಆದ್ರೆ ಯಾರು ಅಂತ ಗೊತ್ತಾಗಲ್ವಾ? ಅದಕ್ಕೇ ಎಲ್ರೂ ಬರೀಲೇಬೇಕು, ಏನೂ ಇಲ್ದಿದ್ರೆ 'ಏನಿಲ್ಲ' ಅಂತಾದ್ರೂ ಬರೀಲಿ, ಎಲ್ರಿಗೂ ಒಂದೇ ಥರದ ಪೆನ್ಸಿಲ್ ಕೊಡಿ. ಓದೋರು ಅವರ ಕ್ಲಾಸ್ ಟೀಚರ್ ಆಗಿರಬಾರದು, ಟೆಸ್ಟ್ ಪೇಪರ್ ತಿದ್ದಿ ತಿದ್ದಿ ಅವರಿಗೆ ಎಲ್ರ ಅಕ್ಷರಾನೂ ಗೊತ್ತಿರುತ್ತೆ. ಮೊದ್ಲು ಒಬ್ರು ಕೂತು ಚೀಟಿ ವಿಂಗಡಿಸ್ಲಿ. ಯಾರ್ದಾದ್ರೂ ಹೆಸರಿದ್ರೆ, ಮೈ ಮುಟ್ಟಿದ ವಿಷಯ ಇದ್ರೆ ಜೋರಾಗಿ ಓದಬೇಡಿ. ಅಂಥೋರಿಗಾಗಿ 181, ಹದಿನೆಂಟು ತುಂಬದೋರಿಗೆ 1098 ಅಂತ ಎರಡೂ ಸಹಾಯವಾಣಿ ನಂಬರನ್ನ ಶುರುವಲ್ಲೇ ಬೋರ್ಡ್ ಮೂಲೇಲಿ ಬರೆದಿಡಿ.

'ಸಮಾನತೆ ಅಂತೀರ, ಮತ್ತೆ ಶಕ್ತಿ ಯೋಜನೇಲಿ ಹೆಂಗಸರಿಗೆ ಮಾತ್ರ ಫ್ರೀ ಬಸ್ ಯಾಕೆ?' ಇದು ಬಂದೇ ಬರುತ್ತೆ. ಸಂಘಟಕರು ಒಂದೋ ಬೈತಾರೆ, ಇಲ್ಲ ಚೀಟೀನ ಮೆಲ್ಲಗೆ ಅಡಿಗೆ ತಳ್ತಾರೆ, ಅಲ್ಲಿಗೆ ಹುಡುಗರು ಕೈ ಬಿಟ್ಟೋದ್ರು ಅಂತಾನೇ ಲೆಕ್ಕ. ನಾನಂತೂ ಅದನ್ನೇ ಮೊದಲು ಓದಿ ಅಂತೀನಿ. ಓದಿ ಸುಮ್ನಿರಿ, ಉತ್ತರ ನೀವು ಕೊಡ್ಬೇಡಿ. ಬಸ್ ಚಾರ್ಜಿಗೆ ಮೊದ್ಲು ಮನೇಲಿ ಯಾರ ಹತ್ರ ಕೇಳ್ತಿದ್ರಿ, ಏನಂತಿದ್ರು ಅಂತ ಹುಡುಗೀರನ್ನ ಕೇಳಿ. ಆಮೇಲೆ ಹುಡುಗರಿಗೆ: ಫ್ರೆಂಡ್ ಊರಿಗೆ ಹೋಗೋಕೆ ಯಾರ್ಯಾರು ಪರ್ಮಿಷನ್ ಕೇಳ್ಬೇಕು? ಒಪ್ಪದೇ ಇರೋನು ಇದ್ದೇ ಇರ್ತಾನೆ, ಇರ್ಲಿ. 'ನಿಮ್ಮನೇಲಿ ಅಕ್ಕತಂಗೀರು ಇಲ್ವಾ' ಅನ್ನೋ ಡೈಲಾಗ್ ಮಾತ್ರ ಬೇಡ, ಅದು ಬಂತೋ ಮಾತು ಅಲ್ಲಿಗೇ ಖತಂ.

ಇನ್ನೊಂದು ಗ್ಯಾರಂಟಿ ಚೀಟಿ, 'ಅಕ್ಕನ ಮದುವೆಗೆ ಲಕ್ಷಗಟ್ಲೆ ಸುರಿದಿದ್ದೀವಿ, ಆಸ್ತೀಲಿ ಪಾಲು ಯಾಕೆ?' ಇಲ್ಲಿ ಅಭಿಪ್ರಾಯ ಸಾಲಲ್ಲ, ಕಾನೂನು ಬೇಕು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿ ಆದ್ಮೇಲೆ ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತೀಲಿ ಮಗಳಿಗೆ ಮಗನಷ್ಟೇ ಹಕ್ಕು, ಹುಟ್ಟಿನಿಂದಲೇ, ಮದುವೆ ಆಗಿದ್ರೂ. ಕರ್ನಾಟಕ ಮದುವೆ ಆಗದ ಹೆಣ್ಮಕ್ಕಳಿಗೆ ಇದನ್ನ 1994ರಲ್ಲೇ ಕೊಟ್ಟಿತ್ತು. ಈ ಹಕ್ಕು ಸಿಗೋಕೆ 2005ರಲ್ಲಿ ಅಪ್ಪ ಬದುಕಿರ್ಲೇಬೇಕಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ಮುಖ್ಯ ಅತಿಥಿ ಬದ್ಲು ತಾಲ್ಲೂಕಿನ ಒಬ್ರು ವಕೀಲೆಯನ್ನ ಇಷ್ಟಕ್ಕೇ ಕರೀರಿ, ಶಾಲಿನ ದುಡ್ಡಲ್ಲಿ ಎಲ್ರಿಗೂ ಟೀ-ವಡೆ ಆಗುತ್ತೆ.

ಕೊನೇದು, ಇ-ಸರ್ಟಿಫಿಕೇಟ್ ಹಂಚೋ ಬದ್ಲು ಒಂದು ಕೆಲಸ ಹಂಚಿ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2015ರ ನಿಯಮದ ಪ್ರಕಾರ ಲೈಂಗಿಕ ಕಿರುಕುಳದ ದೂರು ಕೇಳೋಕೆ ಕಾಲೇಜಲ್ಲಿ ಆಂತರಿಕ ಸಮಿತಿ ಇರಲೇಬೇಕು. ನಮ್ಮ ಕಾಲೇಜಿನ ಸಮಿತೀಲಿ ಯಾರಿದ್ದಾರೆ, ಹೆಸರು ನೋಟಿಸ್ ಬೋರ್ಡಲ್ಲಿ ಇದೆಯಾ ಅಂತ ಒಂದು ವಾರದಲ್ಲಿ ಮಕ್ಕಳೇ ಪತ್ತೆ ಮಾಡ್ಕೊಂಡು ಬರಲಿ. ಇಲ್ಲ ಅಂತಾದ್ರೆ ಪ್ರಿನ್ಸಿಪಾಲರಿಗೆ ಅರ್ಜಿ ಬರೆಯೋದೇ ಮುಂದಿನ ಪ್ರೋಗ್ರಾಂ.