ಕಣ ಖಾಲಿಯಾದ ಮೇಲೆ ಆಲ್ಟೋ ರಿಪೇರಿ

ನಮ್ಮದು 2007ರ ಆಲ್ಟೋ. ಕೊಡಗಿನ ಮೂರ್ನಾಡಿನಿಂದ ನಾಪೋಕ್ಲು ಕಡೆ ಹೋಗುವ ರಸ್ತೆ ಬಿಟ್ಟು ಮುಕ್ಕಾಲು ಕಿಲೋಮೀಟರ್ ತೋಟದ ದಾರಿ ಇಳಿದರೆ ಮನೆ. ಮೈಸೂರಿಗೆ ಎಷ್ಟು ಸಲ ಹೋಗಿಬಂದರೂ ಆಗದ ಸವೆತ ಈ ಮುಕ್ಕಾಲು ಕಿಲೋಮೀಟರಿನಲ್ಲೇ ಆಗಿದೆ. ಅಪ್ಪ ತೆಗೆದ ಕಾರು. ಮಕ್ಕಳನ್ನು ಸ್ಕೂಲಿಗೆ ಬಿಟ್ಟಿದೆ, ಹಿಂದಿನ ಸೀಟು ಮಡಚಿ ಗೊಬ್ಬರದ ಚೀಲವನ್ನೂ ಹೊತ್ತಿದೆ.

ಮುಂದಿನ ಎಡಚಕ್ರದ ಕಡೆಯಿಂದ ಸದ್ದು ಶುರುವಾದಾಗ ಪೇಟೆಯ ಒಂದು ಗ್ಯಾರೇಜಿಗೆ ಕೊಟ್ಟೆ. ಬಾನೆಟ್ ಮೂಲೆ ಹಿಡಿದು ಎರಡು ಸಲ ಒತ್ತಿ ನೋಡಿ, "ಶಾಕ್ ಹೋಗಿದೆ ಸರ್" ಅಂದರು. ಸುಳ್ಳಲ್ಲ. ಒತ್ತಿ ಬಿಟ್ಟರೆ ಒಂದು ಸಲ ಎದ್ದು ಕೂರಬೇಕಾದ ಗಾಡಿ ಮೂರು ಸಲ ತೂಗುತ್ತಿತ್ತು, ಶಾಕ್ ಅಬ್ಸಾರ್ಬರಿನ ಮೈಯಲ್ಲಿ ಆಯಿಲ್ ಜಿನುಗಿ ಧೂಳು ಮೆತ್ತಿತ್ತು. ಮುಂದಿನ ಎರಡೂ ಹೊಸದಾದವು, ತಿರುವಿನಲ್ಲಿ ತೇಲುವುದು ನಿಂತಿತು. ಸದ್ದು ಮಾತ್ರ ಹಾಗೇ ಇತ್ತು. ಹಿಂದೆ ಕೂತಿದ್ದ ಅಮ್ಮ, "ದುಡ್ಡು ಕೊಟ್ಟು ಬಂದ್ಯಲ್ಲ, ಏನು ಮಾಡಿದ್ರು ಅವರು?" ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಉತ್ತರದ ಅರ್ಧವನ್ನು ಮಳೆಗಾಲ ಕೊಟ್ಟಿತು. ಸರಿಯಾಗಿ ಕೇಳಿದರೆ ಇದ್ದದ್ದು ಎರಡು ಸದ್ದು. ಹೊಂಡಕ್ಕೆ ಇಳಿದಾಗ 'ಕಟ್' ಅನ್ನುವುದು ಒಂದು, ನಿಧಾನಕ್ಕೆ ಹೋಗುವಾಗ ಹಳೇ ಮಂಚದ ಹಾಗೆ 'ಕಿರ್ರ್' ಅನ್ನುವುದು ಇನ್ನೊಂದು. ಜೂನಿನಲ್ಲಿ ಮಳೆ ಹಿಡಿದ ಮೇಲೆ ಕಿರ್ರ್ ಪೂರಾ ನಿಂತುಹೋಯಿತು. ಮಳೆ ಬಿಟ್ಟು ನಾಲ್ಕು ದಿನ ಬಿಸಿಲು ಬಂದರೆ ಮತ್ತೆ ಹಾಜರು. ನೀರು ಬಿದ್ದರೆ ಸುಮ್ಮನಾಗುವುದು ರಬ್ಬರ್. ಶಾಕಿನ ಒಳಗಿನ ಸದ್ದಾಗಿದ್ದರೆ ಅದಕ್ಕೆ ಮಳೆಯ ಹಂಗಿಲ್ಲ.

ಗಾಡಿಯನ್ನು ಜಾಕ್ ಹಾಕಿ ಎತ್ತಿ, ಚಕ್ರವನ್ನು ಕೆಳಗಿನಿಂದ ಹಿಡಿಯುವ ಲೋವರ್ ಆರ್ಮ್ ಚಾಸಿಗೆ ಸೇರುವ ಕಡೆ ತೋಟದ ಹಾರೆ ಕೊಟ್ಟು ಮೀಟಿದೆ. ಆರ್ಮ್ ಬೆರಳಗಲ ಹಿಂದೆ ಮುಂದೆ ಓಡಿತು. ಆ ಕೀಲಿನಲ್ಲಿ ಕೂರುವ ರಬ್ಬರ್ ಬುಷ್ ನೋಡಿದರೆ ಊದಿಕೊಂಡು ಅಂಚಿನಿಂದ ಹೊರಗೆ ಬಂದಿದೆ. ಉಗುರು ಒತ್ತಿದರೆ ಗುರುತು ಹಾಗೇ ಉಳಿಯಿತು, ಬೆರಳಿಗೆ ಕಪ್ಪು ಹತ್ತಿತು. ಹಳೇ ರಬ್ಬರ್ ಒಣಗಿ ಬಿರಿಯಬೇಕು, ಇದು ಯಾಕೆ ಹೀಗೆ ಮೆತ್ತಗಾಗಿದೆ?

ತಪ್ಪು ನನ್ನದೇ. ನಮ್ಮ ಕಡೆ ಮಳೆಗಾಲಕ್ಕೆ ಮುಂಚೆ ತುಕ್ಕು ಹಿಡಿಯಬಾರದೆಂದು ಗಾಡಿಯ ಅಡಿಗೆ ಹಳೇ ಇಂಜಿನ್ ಆಯಿಲಿಗೆ ಡೀಸೆಲ್ ಬೆರೆಸಿ ಹೊಡೆಯುತ್ತಾರೆ. ಅಪ್ಪ ಹೊಡೆಯುತ್ತಿದ್ದರು, ನಾನೂ ಪ್ರತಿ ಮೇ ತಿಂಗಳು ತೋಟಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಹಳೇ ಸ್ಪ್ರೇಯರಿನಲ್ಲಿ ಹೊಡೆದಿದ್ದೇನೆ. ತಗಡಿಗೆ ಅದು ಒಳ್ಳೆಯದೇ. ಆದರೆ ಪೆಟ್ರೋಲಿಯಂ ಎಣ್ಣೆ ತಾಗಿದರೆ ಈ ಬುಷ್‌ಗಳ ರಬ್ಬರ್ ಊದುತ್ತದೆ, ಬಿಗಿ ಕಳೆದುಕೊಳ್ಳುತ್ತದೆ. ಚಾಸಿಗೆ ಹೊಡೆಯುವಾಗ ಬುಷ್‌ಗೆ ಬಟ್ಟೆ ಸುತ್ತಬೇಕು ಅಂತ ಯಾರೂ ಹೇಳಿಕೊಟ್ಟಿರಲಿಲ್ಲ.

ಆಲ್ಟೋದ ಮುಂದಿನ ಜೋಡಣೆ ಸರಳ. ಶಾಕ್, ಸ್ಪ್ರಿಂಗ್ ಸೇರಿದ ಒಂದು ಸ್ಟ್ರಟ್, ಕೆಳಗೆ ಒಂದು ಲೋವರ್ ಆರ್ಮ್, ಆ ಆರ್ಮನ್ನು ಹಿಂದೆ ಮುಂದೆ ಹೋಗದಂತೆ ಹಿಡಿಯುವುದು ಸ್ಟೆಬಿಲೈಸರ್ ಬಾರ್. ಹಾಗಾಗಿ ಬಾರಿನ ತುದಿಯ ಬುಷ್ ಹೋದರೆ ಬ್ರೇಕ್ ಹಾಕಿದಾಗಲೂ ಚಕ್ರ ಅಲುಗುತ್ತದೆ. ನಾನು ಎರಡೂ ಕಡೆಯ ಆರ್ಮ್ ಪೂರ್ತಿಯಾಗಿಯೇ ತಂದೆ, ಆರ್ಮನ್ನು ಚಕ್ರದ ಕಡೆಗೆ ಸೇರಿಸುವ ಬಾಲ್ ಜಾಯಿಂಟ್ ಅದರಲ್ಲೇ ಬರುತ್ತದೆ. ಜೊತೆಗೆ ಬಾರಿನ ತುದಿಯ ಬುಷ್, ಬಾರನ್ನು ಚಾಸಿಗೆ ಹಿಡಿಯುವ ಡಿ ಬುಷ್, ಸ್ಟ್ರಟ್ಟಿನ ತಲೆಯನ್ನು ಬಾಡಿಗೆ ಕೂರಿಸುವ ಮೌಂಟಿಂಗ್, ಸ್ಟ್ರಟ್ ಪೂರ್ತಿ ಕುಗ್ಗಿದಾಗ ಏಟು ತಡೆಯುವ ಬಂಪ್ ಸ್ಟಾಪರ್. ಎಲ್ಲಾ ಸೇರಿ ಶಾಕಿಗೆ ಕೊಟ್ಟದ್ದಕ್ಕಿಂತ ಕಮ್ಮಿಯೇ ಆಯಿತು.

ಇನ್ನು ಜಾಗ. ನಮ್ಮ ಮನೆ ಸುತ್ತ ಸಮತಟ್ಟಾಗಿ, ಗಟ್ಟಿಯಾಗಿ ಇರುವುದು ಕಾಫಿ ಕಣ ಒಂದೇ. ಡಿಸೆಂಬರಿನಿಂದ ಮಾರ್ಚ್ ತನಕ ಅಲ್ಲಿ ಕಾಫಿ ಹರಡಿರುತ್ತದೆ, ಚಪ್ಪಲಿ ಹಾಕಿಕೊಂಡು ಹೋದರೂ ಬೈಗುಳ. ಏಪ್ರಿಲ್‌ನಲ್ಲಿ ಚೀಲ ಕಟ್ಟಿ ಕಳಿಸಿದ ಮೇಲೆ ಕಣ ನನ್ನದಾಯಿತು. ಹಿಂದಿನ ಚಕ್ರಕ್ಕೆ ಸಿಲ್ವರ್ ಓಕ್ ತುಂಡು ಒತ್ತಿಟ್ಟೆ, ಮುಂದೆ ಎರಡು ಸ್ಟ್ಯಾಂಡ್ ಕೊಟ್ಟೆ. ಬರೀ ಜಾಕ್ ನಂಬಿ ಅಡಿಗೆ ಹೋಗುವವರನ್ನು ಕಂಡರೆ ನನಗೆ ಈಗಲೂ ಎದೆ ಹೊಡೆದುಕೊಳ್ಳುತ್ತದೆ.

ಮೊದಲು ಎಡಗಡೆ ಮಾತ್ರ ಎತ್ತಿದ್ದೆ. ಮೂರು ದಿನ ಬೆಳಿಗ್ಗೆ ಸಂಜೆ ಡಬ್ಲ್ಯುಡಿ-40 ಹೊಡೆದು ನೆನೆಸಿದ್ದರಿಂದ ಬಾರಿನ ತುದಿಯ ನಟ್ ಬಿಚ್ಚಿತು, ಆದರೆ ಬಾರ್ ಆರ್ಮಿನಿಂದ ಜಪ್ಪಯ್ಯ ಅಂದರೂ ಬರಲಿಲ್ಲ. ಸುತ್ತಿಗೆ ತೆಗೆದುಕೊಳ್ಳುವ ಹೊತ್ತಿಗೆ ಹೊಳೆಯಿತು: ಒಂದು ಚಕ್ರ ನೆಲದಲ್ಲಿ, ಇನ್ನೊಂದು ಗಾಳಿಯಲ್ಲಿ ಇದ್ದರೆ ಬಾರ್ ತಿರುಚಿಕೊಂಡೇ ಇರುತ್ತದೆ. ಬಲಗಡೆಯನ್ನೂ ಅಷ್ಟೇ ಎತ್ತರಕ್ಕೆ ಎತ್ತಿದೆ. ಆಮೇಲೆ ಕೈಯಲ್ಲೇ ಬಂತು.

ಸ್ಟ್ರಟ್ ಬಿಚ್ಚುವಾಗ ಬ್ರೇಕ್ ಹಿಡಿಯುವ ಕ್ಯಾಲಿಪರನ್ನು ಅದರ ಹೋಸಿಗೆ ಜೋತುಬಿಡದೆ ತಂತಿಯಲ್ಲಿ ಸ್ಪ್ರಿಂಗಿಗೆ ಕಟ್ಟಿಟ್ಟೆ, ಸ್ಟ್ರಟ್ ಬರುವ ಹೊತ್ತಿಗೆ ಗೂಟಕ್ಕೆ ಬದಲಾಯಿಸಿದೆ. ಮೇಲಿನ ನಡುವಿನ ನಟ್ ಮಾತ್ರ ಮುಟ್ಟಲಿಲ್ಲ. ಸ್ಪ್ರಿಂಗನ್ನು ಒತ್ತಿ ಹಿಡಿದಿರುವುದು ಅದೊಂದೇ, ಬಿಟ್ಟರೆ ಮುಖಕ್ಕೇ ಬರುತ್ತದೆ. ಎರಡೂ ಸ್ಟ್ರಟ್ಟನ್ನು ಪಕ್ಕದ ಮನೆಯವರ ಜೀಪಿನಲ್ಲಿ ಮೂರ್ನಾಡಿಗೆ ಒಯ್ದು, ಸ್ಪ್ರಿಂಗ್ ಒತ್ತಿ ಹಿಡಿಯುವ ಕಂಪ್ರೆಸರ್ ಇಟ್ಟುಕೊಂಡಿರುವ ಮೆಕ್ಯಾನಿಕ್ ಅಣ್ಣನ ಹತ್ತಿರ ಬಿಚ್ಚಿಸಿದೆ. ಶಾಕ್ ಹೊಸದು, ಮೌಂಟಿಂಗ್ ಮಾತ್ರ ಹಳೇದು. ಬಂಪ್ ಸ್ಟಾಪರ್ ಅಂತ ಒಳಗಿದ್ದದ್ದು ರಸ್ಕಿನ ಪುಡಿ. "ಶಾಕ್ ಹಾಕುವಾಗಲೇ ಇದನ್ನ ಹಾಕಿದ್ರೆ ಇನ್ನೊಂದು ಸಲ ಬಿಚ್ಚೋ ಕೆಲಸ ಇರ್ತಿರಲಿಲ್ಲ" ಅಂದರು ಅವರು, ಬೇಸರದಲ್ಲಿ.

ಸಂಜೆ ಎಲ್ಲಾ ಜೋಡಿಸಿ, ಬೋಲ್ಟುಗಳನ್ನು ಬಲವಾಗಿ ಬಿಗಿದು, ಗಾಡಿ ಇಳಿಸಿದೆ. ಸದ್ದಿಲ್ಲ. ಮಡಿಕೇರಿ ತನಕ ಹೋಗಿ ಬಂದೆ.

ಕೈಲ್‌ಪೊಳ್ದ್ ಹಬ್ಬದ ಹೊತ್ತಿಗೆ, ಸೆಪ್ಟೆಂಬರಿನಲ್ಲಿ, ಎಡಗಡೆ ಮತ್ತೆ 'ಕಟ್'. ಐದೇ ತಿಂಗಳ ಬುಷ್, ಒಳಗಿನ ಕಬ್ಬಿಣದ ಕೊಳವೆಯ ಸುತ್ತ ಉಂಗುರದ ಹಾಗೆ ಹರಿದಿತ್ತು. ಡುಪ್ಲಿಕೇಟ್ ಮಾಲು ಕೊಟ್ಟಿದ್ದಾರೆ ಅಂತ ಅಂಗಡಿಯವರ ಮೇಲೆ ಎರಡು ದಿನ ಸಿಟ್ಟಿನಲ್ಲಿದ್ದೆ. ಮೂರ್ನಾಡಿನ ಅಣ್ಣ ಬುಷ್ ತಿರುಗಿಸಿ ನೋಡಿ ಒಂದೇ ಪ್ರಶ್ನೆ ಕೇಳಿದರು: "ಬಿಗಿ ಮಾಡುವಾಗ ಚಕ್ರ ಎಲ್ಲಿತ್ತು?"

ಚಕ್ರ ಗಾಳಿಯಲ್ಲಿ ನೇತಾಡುತ್ತಿತ್ತು. ಈ ಬುಷ್ ಬೇರಿಂಗಿನ ಹಾಗೆ ಸುತ್ತುವ ವಸ್ತುವಲ್ಲ. ಒಳಕೊಳವೆಗೂ ಹೊರಕೊಳವೆಗೂ ರಬ್ಬರ್ ಅಂಟಿಕೊಂಡಿರುತ್ತದೆ, ಆರ್ಮ್ ಆಡಿದಷ್ಟೂ ಅದು ತಿರುಚುತ್ತದೆ. ಬೋಲ್ಟ್ ಬಿಗಿದ ಕ್ಷಣ ಒಳಕೊಳವೆ ಅಲ್ಲೇ ಲಾಕ್. ಆರ್ಮ್ ಕೆಳಗೆ ಜೋತಿರುವಾಗ ಲಾಕ್ ಮಾಡಿದರೆ, ಗಾಡಿ ನೆಲಕ್ಕೆ ಇಳಿದ ತಕ್ಷಣ ರಬ್ಬರ್ ತಿರುಚಿಕೊಂಡೇ ನಿಲ್ಲುತ್ತದೆ. ಶೆಡ್ಡಿನಲ್ಲಿ ಸುಮ್ಮನೆ ನಿಂತಿದ್ದರೂ ಅದಕ್ಕೆ ಬಿಡುವಿಲ್ಲ. ಅದರ ಮೇಲೆ ನಮ್ಮ ತೋಟದ ದಾರಿ.

ಅಕ್ಟೋಬರಿನಲ್ಲಿ ಮಳೆ ಸ್ವಲ್ಪ ತೆರವಾದಾಗ ಇನ್ನೊಂದು ಆರ್ಮ್ ತಂದು ಹಾಕಿದೆ. ಈ ಸಲ ಬುಷ್ ಬೋಲ್ಟನ್ನು ಕೈಬಿಗಿಯಷ್ಟಕ್ಕೆ ಬಿಟ್ಟೆ. ಬಾಲ್ ಜಾಯಿಂಟಿನ ಕೆಳಗೆ ಮರದ ತುಂಡಿಟ್ಟು ಜಾಕ್ ಕೊಟ್ಟು, ಸ್ಟ್ಯಾಂಡಿನಿಂದ ಗಾಡಿ ಕಾಗದ ತೂರುವಷ್ಟು ಮೇಲೇಳುವ ತನಕ ಎತ್ತಿದೆ. ಈಗ ಆರ್ಮಿನ ಮೇಲೆ ಗಾಡಿಯ ಭಾರ ಬಿದ್ದಿದೆ, ಆದರೆ ಸ್ಟ್ಯಾಂಡ್ ಕೆಳಗೇ ಇದೆ. ಆಮೇಲೆ ಉದ್ದ ಹಿಡಿಯ ಸ್ಪ್ಯಾನರಿನಲ್ಲಿ ಪೂರ್ತಿ ಬಿಗಿ. ಬಲಗಡೆಯದನ್ನೂ ಸಡಿಲಿಸಿ ಹಾಗೇ ಮಾಡಿದೆ, ಅದು ಅದೃಷ್ಟಕ್ಕೆ ಹರಿದಿರಲಿಲ್ಲ.

ಮಾರನೇ ದಿನ ಕುಶಾಲನಗರಕ್ಕೆ ಹೋಗಿ ವೀಲ್ ಅಲೈನ್‌ಮೆಂಟ್ ಮಾಡಿಸಿದೆ. ಏಪ್ರಿಲ್‌ನಲ್ಲಿ ಅದನ್ನು ಮಾಡಿಸದೆ ಉಳಿಸಿದ ದುಡ್ಡು ಮುಂದಿನ ಎಡ ಟೈರಿನ ಒಳಅಂಚಿನಲ್ಲಿ ಹೋಗಿತ್ತು. ಈಗ ಅಡಿಗೆ ಆಯಿಲ್ ಹೊಡೆಯುವ ದಿನ ಹಳೇ ಪ್ಲಾಸ್ಟಿಕ್ ಕವರನ್ನು ಬುಷ್‌ಗಳಿಗೆಲ್ಲ ಸುತ್ತಿ ಕಟ್ಟುತ್ತೇನೆ, ನೋಡಿದವರು ನಗುತ್ತಾರೆ.

ಹಿಂದಿನ ಚಕ್ರಗಳ ಕಡೆ, ಆಕ್ಸಲ್ ಅಡ್ಡಕ್ಕೆ ಸರಿಯದಂತೆ ಹಿಡಿಯುವ ಲ್ಯಾಟರಲ್ ರಾಡಿನ ಬುಷ್ ಬಾಕಿ ಇದೆ, ತಿರುವಿನಲ್ಲಿ ಹಿಂಭಾಗ ಸಣ್ಣಗೆ ಅಲುಗುತ್ತದೆ. ಸಾಮಾನು ತಂದಿಟ್ಟು ಆಯಿತು. ಕಣದಲ್ಲಿ ಈಗ ಕಾಫಿ ಇದೆ.